ಬಾವಿ ಪಂಪಿಗೆ ಇನ್ವರ್ಟರ್ ಕೊಳ್ಳುವ ಮುಂಚೆ ಒಂದು ಟ್ಯಾಂಕ್ ಕೊಳ್ಳಿ

ಮೇ ತಿಂಗಳು ಮುಗಿಯುತ್ತಾ ಬಂದರೆ ನಮ್ಮ ಮಲೆನಾಡಿನ ಪೇಟೆಗಳಲ್ಲಿ ಎರಡು ಬಗೆಯ ಅಂಗಡಿಗಳ ಮುಂದೆ ಜನ ಕಾಣುತ್ತಾರೆ. ಒಂದು ಛತ್ರಿ, ಕಂಬಳಿ, ಪ್ಲಾಸ್ಟಿಕ್ ಕೊಪ್ಪೆ ಮಾರುವ ಅಂಗಡಿ. ಇನ್ನೊಂದು ಇನ್ವರ್ಟರ್ ಅಂಗಡಿ. ಮೊದಲನೆಯದರಲ್ಲಿ ನಾವು ಏನು ಕೊಳ್ಳುತ್ತಿದ್ದೇವೆ ಎಂದು ನಮಗೆ ಚೆನ್ನಾಗಿ ಗೊತ್ತಿರುತ್ತದೆ. ಛತ್ರಿಯನ್ನು ನಾಲ್ಕು ಸಲ ಬಿಚ್ಚಿ, ಮಡಚಿ, ಕಡ್ಡಿ ಎಣಿಸಿ ಕೊಳ್ಳುತ್ತೇವೆ. ಅದರ ನೂರು ಪಟ್ಟು ಬೆಲೆಯ ಇನ್ವರ್ಟರನ್ನು ಮಾತ್ರ ಅಂಗಡಿಯವರ ಒಂದೇ ಮಾತು ನಂಬಿ ತರುತ್ತೇವೆ.

ನಮ್ಮ ಮನೆಗೂ ಹಾಗೇ ಬಂತು. ಅಪ್ಪಯ್ಯ ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಇದ್ರಲ್ಲಿ ಬಾವಿ ಪಂಪು, ಫ್ರಿಜ್ಜು ಎರಡೂ ನಡೀತದಾ?" ಅಲ್ಲಿಂದ ಬಂದ ಉತ್ತರವೂ ಒಂದೇ. "ಎಲ್ಲಾ ನಡೀತದೆ, ನೀವು ತಲೆಬಿಸಿ ಮಾಡ್ಕೋಬೇಡಿ."

ಜೂನ್ ಗಾಳಿಗೆ ಲೈನ್ ಮೇಲೆ ಮರ ಬಿತ್ತು. ಎರಡನೇ ದಿನ ಬೆಳಿಗ್ಗೆ ಟ್ಯಾಂಕ್ ಖಾಲಿ. ಅಪ್ಪಯ್ಯ ಪಂಪಿನ ಸ್ವಿಚ್ ಹಾಕಿದರು. ಪಂಪು ಒಂದು ಸಲ ಊಂ ಎಂದಿತು, ಇನ್ವರ್ಟರ್ ಕುಂಯ್ ಕುಂಯ್ ಎಂದು ಕೆಂಪು ದೀಪ ತೋರಿಸಿ ನಿಂತಿತು. ಮೂರು ಸಲ ನೋಡಿದರು, ಮೂರೂ ಸಲ ಅದೇ ಕಥೆ. ಕರೆಂಟ್ ಬರುವವರೆಗೆ ನಾಲ್ಕು ದಿನ ಅಮ್ಮ ಮತ್ತು ಚಿಕ್ಕಮ್ಮ ಸುರಿಯುವ ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಬಾವಿಯಿಂದ ನೀರು ಸೇದಿದರು. ಕೊಟ್ಟಿಗೆಯ ಎರಡು ಹಸುಗಳಿಗೂ ಸೇರಿಸಿ. ಹೊಸ ಇನ್ವರ್ಟರ್ ಜಗುಲಿಯ ಮೂಲೆಯಲ್ಲಿ ಹಸಿರು ದೀಪ ಹಚ್ಚಿಕೊಂಡು ಕೂತಿತ್ತು.

ಆ ಇನ್ವರ್ಟರ್ ಕೆಟ್ಟದ್ದಲ್ಲ, ಇವತ್ತಿಗೂ ಚೆನ್ನಾಗಿದೆ. ನಾವು ಅದರಿಂದ ಮಾಡಿಸಲು ಹೊರಟ ಕೆಲಸ ಅದರದ್ದಾಗಿರಲಿಲ್ಲ, ಅಷ್ಟೇ. ಈ ಬರಹ ಬರೆಯುತ್ತಿರುವುದು ಅದಕ್ಕಾಗಿ. ಈ ಮಳೆಗಾಲಕ್ಕೂ ಎಷ್ಟೋ ಮನೆಗಳವರು ಅಡಿಕೆ ಮಾರಿದ ದುಡ್ಡಲ್ಲೋ ಸಂಘದ ಸಾಲದಲ್ಲೋ ಇನ್ವರ್ಟರ್ ತರುತ್ತಾರೆ. ಅವರಿಗೆ ನನ್ನ ಮಾತು ಇಷ್ಟು: ಫ್ರಿಜ್ಜಿಗೆ, ದೀಪಕ್ಕೆ ಇನ್ವರ್ಟರ್ ತನ್ನಿ. ಬಾವಿ ಪಂಪಿಗೆಂದು ತರಬೇಡಿ. ಆ ದುಡ್ಡಲ್ಲಿ ಮೊದಲು ಒಂದು ದೊಡ್ಡ ಟ್ಯಾಂಕ್ ಕೂರಿಸಿ.

ಯಾಕೆ ಎಂದು ಲೆಕ್ಕ ಹಾಕಿ ನೋಡೋಣ. ಕಷ್ಟದ ಲೆಕ್ಕವೇನಲ್ಲ.

ಸಾಮಾನ್ಯ ಮನೆಯ ಬಾವಿ ಪಂಪು 1 ಎಚ್‌ಪಿ, ಸಿಂಗಲ್ ಫೇಸ್. ಪಂಪಿನ ಮೇಲಿನ ತಗಡಿನಲ್ಲಿ 0.75 ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಅದು ಮೋಟಾರು ಕೊಡುವ ಬಲ. ಅಷ್ಟು ಕೊಡಲು ಅದು ಎಳೆಯುವ ಕರೆಂಟು ಇನ್ನೂ ಜಾಸ್ತಿ, 1000ದಿಂದ 1200 ವ್ಯಾಟ್ ಆಸುಪಾಸು. ಇದು ಓಡುವಾಗಿನ ಮಾತು. ಶುರುವಾಗುವ ಕ್ಷಣದಲ್ಲಿ ಯಾವ ಮೋಟಾರಾದರೂ ನಾಲ್ಕರಿಂದ ಆರು ಪಟ್ಟು ಕರೆಂಟ್ ಎಳೆಯುತ್ತದೆ. ನಿಂತ ಗಾಡಿಯನ್ನು ನೂಕುವಾಗ ಮೊದಲ ಹೆಜ್ಜೆಗೆ ನಾಲ್ಕು ಜನ ಬೇಕು, ಉರುಳತೊಡಗಿದ ಮೇಲೆ ಒಬ್ಬ ಸಾಕು. ಹಾಗೆಯೇ ಇದು.

ಈಗ ಇನ್ವರ್ಟರ್ ಕಡೆ ಬನ್ನಿ. ಮನೆಗಳಿಗೆ ಹೆಚ್ಚಾಗಿ ಮಾರುವುದು 900 ಅಥವಾ 1100 ವಿಎ ಇನ್ವರ್ಟರ್, ಜೊತೆಗೆ 150 ಎಎಚ್‌ನ ಒಂದು ಬ್ಯಾಟರಿ. ವಿಎ ಎಂದರೆ ವ್ಯಾಟ್ ಅಲ್ಲ. ಅದನ್ನು 0.8ರಿಂದ ಗುಣಿಸಿದರೆ ಸುಮಾರಾಗಿ ವ್ಯಾಟ್ ಸಿಗುತ್ತದೆ. 1100 ವಿಎ ಇನ್ವರ್ಟರ್ ಕೊಡುವುದು 900 ವ್ಯಾಟ್ ಆಸುಪಾಸು. ನಿಮ್ಮ ಪಂಪು ಓಡುವುದಕ್ಕೇ ಅದು ಸಾಲದು. ಶುರುವಾಗುವ ಮಾತು ದೂರ.

ಹಾಗಾದರೆ 1 ಎಚ್‌ಪಿ ಪಂಪನ್ನು ನಂಬಿಕೆಯಿಂದ ಎತ್ತುವ ಇನ್ವರ್ಟರ್ ಯಾವುದು? ಮೂರೂವರೆ ಕೆವಿಎಗಿಂತ ಕಡಿಮೆ ಇದ್ದರೆ ಭರವಸೆ ಇಡುವಂತಿಲ್ಲ. ಐದು ಕೆವಿಎ ಇದ್ದರೆ ನಿಶ್ಚಿಂತೆ. ಅಂಥದ್ದಕ್ಕೆ ಸಾಮಾನ್ಯವಾಗಿ ನಾಲ್ಕು ಬ್ಯಾಟರಿ ಬೇಕು. ಒಂದೊಂದು ಬ್ಯಾಟರಿಗೂ ಹತ್ತು ಸಾವಿರದ ಮೇಲೆ. ನಾಲ್ಕೈದು ವರ್ಷಕ್ಕೆ ನಾಲ್ಕನ್ನೂ ಬದಲಿಸಬೇಕು. ಇದೆಲ್ಲ ದಿನಕ್ಕೆ ಇಪ್ಪತ್ತು ನಿಮಿಷ ಓಡುವ ಪಂಪಿಗೆ, ಅದೂ ವರ್ಷದಲ್ಲಿ ಕರೆಂಟ್ ಪೂರ್ತಿ ಹೋದ ಹದಿನೈದಿಪ್ಪತ್ತು ದಿನಕ್ಕೆ. ಹುಲ್ಲಿನ ಹೊರೆ ತರಲು ಆನೆ ಸಾಕಿದ ಹಾಗಾಯಿತು.

ತಮಾಷೆ ಎಂದರೆ, ನೀರು ಎತ್ತುವುದಕ್ಕೆ ನಿಜವಾಗಿ ಬೇಕಾಗುವ ವಿದ್ಯುತ್ತು ಬಹಳ ಕಡಿಮೆ. 1000 ಲೀಟರ್ ನೀರನ್ನು 20 ಮೀಟರ್ ಮೇಲಕ್ಕೆ ಎತ್ತಲು, ಪಂಪು ಪೈಪುಗಳಲ್ಲಿ ಪೋಲಾಗುವುದನ್ನು ಸೇರಿಸಿದರೂ, ಒಂದು ಯೂನಿಟ್ಟಿನ ಐದನೇ ಒಂದು ಭಾಗದ ಆಸುಪಾಸು ಸಾಕು. ಆ ನೀರು ಒಂದು ಸಲ ಮೇಲೆ ಹೋಗಿ ಕೂತರೆ ಆಮೇಲೆ ಅದಕ್ಕೆ ಕರೆಂಟ್ ಬೇಡ, ಬ್ಯಾಟರಿ ಬೇಡ, ಡಿಸ್ಟಿಲ್ಡ್ ವಾಟರ್ ಬೇಡ. ತಾನಾಗಿಯೇ ಇಳಿದು ಬರುತ್ತದೆ. ಮಾಡಿನ ಮೇಲಿನ ತುಂಬಿದ ಟ್ಯಾಂಕು ಎಂದರೆ ಬಾವಿ ಪಂಪಿನ ಬ್ಯಾಟರಿಯೇ. ಅದು ಚಾರ್ಜ್ ಆಗಿಯೇ ಇರುತ್ತದೆ, ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ.

ಎಷ್ಟು ದೊಡ್ಡದು ಬೇಕು? ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಇಟ್ಟಿದೆ. ಐದು ಜನರ ಮನೆಗೆ 275 ಲೀಟರ್. ಎರಡು ಹಸುಗಳಿಗೆ ತಲಾ 60 ಲೀಟರ್ ಸೇರಿಸಿ. ಒಟ್ಟು ದಿನಕ್ಕೆ 400 ಲೀಟರ್ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಬಹಳ ಮನೆಗಳಲ್ಲಿರುವುದು 500 ಲೀಟರ್ ಟ್ಯಾಂಕ್. ಅದು ಒಂದು ದಿನಕ್ಕೆ ಖಾಲಿ. 2000 ಲೀಟರ್ ಇದ್ದರೆ ಐದು ದಿನ. ನಮ್ಮ ಮನೆಯ ಹೆಂಗಸರು ಮಳೆಯಲ್ಲಿ ನೀರು ಸೇದಿದ್ದು ನಾಲ್ಕು ದಿನ.

ಒಂದು ಎಚ್ಚರಿಕೆ. 2000 ಲೀಟರ್ ನೀರು ಎಂದರೆ ಎರಡು ಟನ್ ಭಾರ. ಹಳೆಯ ಸಜ್ಜದ ಮೇಲೆ, ಹೆಂಚಿನ ಮನೆಯ ಮರದ ಅಟ್ಟದ ಮೇಲೆ ಕೂರಿಸುವ ಸಾಹಸ ಬೇಡ. ಮನೆ ಹಿಂದಿನ ದರೆಯ ಮೇಲೆ ಕಲ್ಲುಕಟ್ಟೆ ಕಟ್ಟಿ ಕೂರಿಸಿದರೂ ನಡೆಯುತ್ತದೆ. ನಮ್ಮ ಕಡೆ ದರೆಗಳಿಗೇನೂ ಬರವಿಲ್ಲ. ಆದರೆ ದರೆಯ ಅಂಚಿನಿಂದ ದೂರ, ಗಟ್ಟಿ ನೆಲದಲ್ಲಿ ಇರಲಿ. ಮಳೆಗೆ ಜರಿಯುವ ಜಾಗ ಬೇಡ.

ಇನ್ನು ಫ್ರಿಜ್ಜು. ಇದರ ಲೆಕ್ಕ ಬೇರೆ. ಪಂಪು ಎಂದರೆ ಸ್ವಲ್ಪ ಹೊತ್ತು ಬಹಳ ಬಲ. ಫ್ರಿಜ್ಜು ಎಂದರೆ ಸ್ವಲ್ಪ ಬಲ ಬಹಳ ಹೊತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಸ್ಟಾರ್ ಚೀಟಿ ನೋಡಿ. ಸ್ಟಾರ್ ಎಷ್ಟು ಎಂದು ಎಲ್ಲರೂ ನೋಡುತ್ತೇವೆ, ಅದರ ಕೆಳಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದದ್ದನ್ನು ಓದುವುದಿಲ್ಲ. 180 ಎಂದಿದ್ದರೆ 365ರಿಂದ ಭಾಗಿಸಿ. ದಿನಕ್ಕೆ ಅರ್ಧ ಯೂನಿಟ್, ಎಂದರೆ 500 ವ್ಯಾಟ್-ಅವರ್. ಹಳೆಯ ಫ್ರಿಜ್ಜಾದರೆ, ಬಾಗಿಲಿನ ರಬ್ಬರ್ ಸಡಿಲವಾಗಿದ್ದರೆ ಇನ್ನೂ ಜಾಸ್ತಿ.

ಬ್ಯಾಟರಿಯಲ್ಲಿ ಎಷ್ಟಿದೆ? 12 ವೋಲ್ಟ್, 150 ಎಎಚ್. ಗುಣಿಸಿದರೆ 1800 ವ್ಯಾಟ್-ಅವರ್. ಅಷ್ಟೂ ನಮ್ಮದಲ್ಲ. ಸೀಸ-ಆಸಿಡ್ ಬ್ಯಾಟರಿಯನ್ನು ಪದೇ ಪದೇ ತಳ ಕಾಣುವವರೆಗೆ ಖಾಲಿ ಮಾಡಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಳಸಿ, ಇನ್ವರ್ಟರಿನೊಳಗೆ ಪೋಲಾಗುವುದನ್ನು ಕಳೆದರೆ ಕೈಗೆ ಸಿಗುವುದು 800ರಿಂದ 900. ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದರೂ ಒಂದಿಷ್ಟು ತಾನೇ ತಿನ್ನುತ್ತದೆ. ಅಂತೂ ಒಂದು ಬ್ಯಾಟರಿಯಲ್ಲಿ ಒಂದು ಸಣ್ಣ ಫ್ರಿಜ್ಜು, ಸಂಜೆಗೆ ಎರಡು ಎಲ್‌ಇಡಿ ದೀಪ, ಫೋನ್ ಚಾರ್ಜು. ಒಂದು ದಿನದ ಆಚೀಚೆ ನಡೆಯುತ್ತದೆ. "ಎಲ್ಲಾ ನಡೀತದೆ" ಎಂಬುದರ ನಿಜವಾದ ಅರ್ಥ ಇಷ್ಟು.

ಅದನ್ನು ಎರಡು ದಿನಕ್ಕೆ ಎಳೆಯುವ ಉಪಾಯವೂ ಇದೆ. ಬಾಗಿಲು ತೆಗೆಯದ ಫ್ರಿಜ್ಜು ಕರೆಂಟ್ ಇಲ್ಲದೆ ನಾಲ್ಕು ಗಂಟೆ ತಣ್ಣಗಿರುತ್ತದೆ. ಮಳೆಗಾಲ ಶುರುವಾದ ಮೇಲೆ ಮೇಲಿನ ಫ್ರೀಜರಿನಲ್ಲಿ ಎರಡು ಮೂರು ಬಾಟಲಿ ನೀರು ಗಡ್ಡೆ ಕಟ್ಟಿಸಿಡಿ, ಬಾಟಲಿ ಒಡೆಯದಂತೆ ಸ್ವಲ್ಪ ಖಾಲಿ ಬಿಟ್ಟು. ಕರೆಂಟ್ ಹೋದಾಗ ಆ ಮಂಜುಗಡ್ಡೆಯೇ ತಂಪು ಹಿಡಿದಿಡುತ್ತದೆ. ಫ್ರಿಜ್ಜನ್ನು ದಿನವಿಡೀ ಇನ್ವರ್ಟರಿಗೆ ಹಾಕದೆ, ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ, ರಾತ್ರಿ ಎರಡು ಗಂಟೆ ಓಡಿಸಿದರೂ ಹಾಲು ಉಳಿಯುತ್ತದೆ.

ಆದರೆ ಒಳಗೆ ಏನಿದೆ ಎಂಬುದರ ಮೇಲೆ ಈ ಉಪಾಯ ನಿಂತಿದೆ. ಮೊಸರು, ಸೊಪ್ಪು ಹಾಳಾದರೆ ಕೊಟ್ಟಿಗೆಗೆ ಹೋಗುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರ ಇನ್ಸುಲಿನ್ ಇದ್ದರೆ ಅದು ಬೇರೆಯೇ ವಿಷಯ. ಒಡೆಯದ ಇನ್ಸುಲಿನ್ ಇಡಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಗಡ್ಡೆ ಕಟ್ಟಿದರೂ ಅದು ಕೆಟ್ಟ ಹಾಗೆಯೇ, ಆದ್ದರಿಂದ ಮಂಜುಗಡ್ಡೆಯ ಬಾಟಲಿಗೆ ತಾಗಿಸಿ ಇಡಬೇಡಿ. ಇಂಥ ಮನೆಗೆ ಫ್ರಿಜ್ಜಿಗೊಂದು ಇನ್ವರ್ಟರ್ ಅಗತ್ಯವೇ. ಹಾಲು, ಐಸ್‌ಕ್ರೀಮು, ತಂಪು ಪಾನೀಯ ಇಟ್ಟು ಅಂಗಡಿ ನಡೆಸುವವರಿಗೂ ಅಗತ್ಯವೇ. ಅವರು ಆ ಬ್ಯಾಟರಿಗೆ ಪಂಪು ಹಚ್ಚಿ ಫ್ರಿಜ್ಜಿನ ಪಾಲನ್ನು ಕಳೆಯಬಾರದು ಎಂಬುದೇ ನನ್ನ ವಾದ.

ಫ್ರಿಜ್ಜಿಗೆ ಕೊಳ್ಳುವಾಗ ಒಂದು ಪದ ನೆನಪಿಡಿ: ಸೈನ್ ವೇವ್. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ದೀಪ ಉರಿಯುತ್ತದೆ, ಫ್ಯಾನು ಗುಂಯ್ ಎನ್ನುತ್ತಾ ತಿರುಗುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಮಾತ್ರ ಬಿಸಿಯಾಗಿ ಬೇಗ ಹಾಳಾಗುತ್ತದೆ. ಇನ್ವರ್ಟರಿನಲ್ಲಿ ಉಳಿಸಿದ ದುಡ್ಡು ಕಂಪ್ರೆಸರಿಗೆ ಹೋಗುತ್ತದೆ.

"ಟ್ಯಾಂಕು ಹಾಕಿದ್ದೇವೆ, ಆದರೂ ವಾರಗಟ್ಟಲೆ ಕರೆಂಟ್ ಬರುವುದಿಲ್ಲ, ಆಗ ಏನು?" ಎಂದು ಘಟ್ಟದ ಒಳಗಿನವರು ಕೇಳುತ್ತಾರೆ. ನ್ಯಾಯದ ಪ್ರಶ್ನೆ. ಎರಡು ದಾರಿ ಹೇಳುತ್ತೇನೆ.

ಒಂದು, ಸಣ್ಣ ಪಂಪು. ಗಾಳಿ-ಮಳೆಗೆ ಕರೆಂಟ್ ಹೋಗುವ ತಿಂಗಳುಗಳಲ್ಲೇ ನಮ್ಮ ಬಾವಿಗಳಲ್ಲಿ ನೀರು ಕೈಗೆ ಸಿಗುವಷ್ಟು ಮೇಲೆ ಇರುತ್ತದೆ. ಏಪ್ರಿಲ್ ತಿಂಗಳ ಪಾತಾಳದ ನೀರಿಗೆಂದು ಕೊಂಡ ದೊಡ್ಡ ಪಂಪನ್ನು ಜುಲೈ ತಿಂಗಳ ತುಂಬಿದ ಬಾವಿಗೆ ಇನ್ವರ್ಟರಿನಲ್ಲಿ ಓಡಿಸಲು ಹೆಣಗುವುದು ಯಾಕೆ? ಅರ್ಧ ಎಚ್‌ಪಿಯ ಒಂದು ಪಂಪನ್ನು ಮಳೆಗಾಲಕ್ಕೆಂದೇ ಇಟ್ಟುಕೊಂಡರೆ ಅದು ಓಡುವಾಗ ಎಳೆಯುವುದು 500-600 ವ್ಯಾಟ್. ಎರಡು ಬ್ಯಾಟರಿಯ, ಎರಡು ಕೆವಿಎ ಆಸುಪಾಸಿನ ಸೈನ್ ವೇವ್ ಇನ್ವರ್ಟರ್ ಅದನ್ನು ಎತ್ತಬಲ್ಲದು. ಬಾವಿಕಟ್ಟೆಯ ಮೇಲೆ ಕೂರಿಸುವ ಪಂಪಾದರೆ ನೀರು ಏಳು ಮೀಟರಿಗಿಂತ ಕೆಳಗಿರಬಾರದು, ಅದಕ್ಕಿಂತ ಆಳದಿಂದ ಅದು ಹೀರಲಾರದು. ಮಳೆಗಾಲದಲ್ಲಿ ಬಹಳಷ್ಟು ಬಾವಿಗಳಿಗೆ ಆ ಚಿಂತೆ ಇಲ್ಲ.

ಎರಡು, ಹಂಚಿಕೊಂಡ ಜನರೇಟರ್. ವರ್ಷಕ್ಕೆ ಹತ್ತು ಸಲ, ಸಲಕ್ಕೆ ಅರ್ಧ ಗಂಟೆ ಬೇಕಾಗುವ ಬಲಕ್ಕೆ ಬ್ಯಾಟರಿಗಿಂತ ಪೆಟ್ರೋಲ್ ಅಗ್ಗ. ಐದು ಮನೆಯವರು ಸೇರಿ ಒಂದು ಇಟ್ಟುಕೊಳ್ಳಬಹುದು. ಮದುವೆಮನೆಗೆ ಬರುವ ಮೈಕ್ ಸೆಟ್‌ನವರ ಜನರೇಟರ್ ಜುಲೈಯಲ್ಲಿ ಸುಮ್ಮನೇ ಕೂತಿರುತ್ತದೆ. ಪಿಕಪ್ಪಿನಲ್ಲಿ ತರಿಸಿ ಮನೆಮನೆಗೆ ಟ್ಯಾಂಕು ತುಂಬಿಸಿಕೊಳ್ಳಬಹುದು. ಜನರೇಟರನ್ನು ಮಾತ್ರ ಮನೆಯೊಳಗೆ, ಮುಚ್ಚಿದ ಕೊಟ್ಟಿಗೆಯೊಳಗೆ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಅಡಿಕೆ ತೋಟದ ತ್ರೀ ಫೇಸ್ ಪಂಪನ್ನು ಮನೆಯ ಇನ್ವರ್ಟರಿಗೆ ಕೊಡುವ ಆಲೋಚನೆಯನ್ನು ಬಿಟ್ಟುಬಿಡಿ. ಸಿಂಗಲ್ ಫೇಸ್ ಇನ್ವರ್ಟರಿಗೆ ಅದು ನೇರವಾಗಿ ನಡೆಯುವುದೇ ಇಲ್ಲ.

"ಸೋಲಾರ್ ಹಾಕಿಸಿದರೆ ಮುಗಿಯಿತಲ್ಲ" ಎನ್ನುವವರಿಗೂ ಒಂದು ಮಾತು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ, ಒಳ್ಳೆಯದೇ. ಆದರೆ ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಸುಡುಬಿಸಿಲು ಇದ್ದರೂ ನಿಲ್ಲುತ್ತದೆ. ಲೈನ್ ದುರಸ್ತಿ ಮಾಡುವವರ ಜೀವ ಉಳಿಯಲೆಂದೇ ಹಾಗೆ ಮಾಡಿದ್ದಾರೆ. ಕರೆಂಟ್ ಇಲ್ಲದಾಗ ಬೇಕು ಎಂದರೆ ಬ್ಯಾಟರಿ ಇರುವ ವ್ಯವಸ್ಥೆಯನ್ನೇ ಕೇಳಿ ಕೊಳ್ಳಬೇಕು. ಮಲೆನಾಡಿನ ಆಷಾಢದಲ್ಲಿ ಬಿಸಿಲು ಎಷ್ಟು ಎಂಬುದು ನಿಮಗೇ ಗೊತ್ತು.

ಲೈನ್‌ಮನ್ ಮಾತು ಬಂದಿದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಜನರೇಟರಿನಿಂದ ವೈರು ಎಳೆದು ಮನೆಯ ಪ್ಲಗ್ಗಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವವರಿದ್ದಾರೆ. ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ಆ ಕರೆಂಟು ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಲೈನ್ ಸತ್ತಿದೆ ಎಂದುಕೊಂಡು ಮಳೆಯಲ್ಲಿ ಕಂಬ ಹತ್ತಿದವನು ನಮ್ಮ ಮನೆಗೆ ಬೆಳಕು ಕೊಡಲು ಬಂದವನು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಬೇಡಿ. ಇನ್ವರ್ಟರ್ ವೈರಿಂಗನ್ನೂ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಅಂಗಡಿಗೆ ಹೋದಾಗ ಕೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

1. ಇದು ಎಷ್ಟು ವಿಎ ಅಲ್ಲ, ಎಷ್ಟು ವ್ಯಾಟ್? ಸೈನ್ ವೇವ್ ಹೌದೋ ಅಲ್ಲವೋ?

2. ನನ್ನ ಫ್ರಿಜ್ಜು ದಿನಕ್ಕೆ ಇಷ್ಟು ಯೂನಿಟ್. ಈ ಬ್ಯಾಟರಿಯಲ್ಲಿ ಎಷ್ಟು ಗಂಟೆ? ಲೆಕ್ಕ ಬರೆದು ತೋರಿಸಿ.

3. ಬ್ಯಾಟರಿ ಟ್ಯುಬುಲರ್ ಹೌದೋ? ವಾರಂಟಿಯಲ್ಲಿ ಪೂರ್ತಿ ಬದಲಿಸಿಕೊಡುವುದು ಎಷ್ಟು ತಿಂಗಳು, ಬರೀ ರಿಯಾಯಿತಿ ಕೊಡುವುದು ಎಷ್ಟು ತಿಂಗಳು? ಎರಡೂ ಸೇರಿಸಿ ಒಂದೇ ದೊಡ್ಡ ಸಂಖ್ಯೆ ಹೇಳುವುದು ರೂಢಿ.

4. ಹಳೆ ಬ್ಯಾಟರಿಗೆ ಎಷ್ಟು ಕೊಡುತ್ತೀರಿ? ಗುಜರಿಯವರಿಗೆ ಕೊಟ್ಟರೆ ಆಸಿಡ್ಡು ನಮ್ಮದೇ ಹಳ್ಳಕ್ಕೆ ಸೇರುತ್ತದೆ.

5. ಪಂಪು ನಡೆಯುತ್ತದೆ ಎನ್ನುತ್ತೀರಲ್ಲ, ನಮ್ಮ ಮನೆಗೆ ಬಂದು, ಮೇನ್ ಆಫ್ ಮಾಡಿ, ನಮ್ಮ ಪಂಪನ್ನು ಮೂರು ಸಲ ಶುರು ಮಾಡಿ ತೋರಿಸುತ್ತೀರಾ? ಆಮೇಲೆ ಪೂರ್ತಿ ದುಡ್ಡು.

ಐದನೆಯ ಪ್ರಶ್ನೆ ಕೇಳಿದ ಕೂಡಲೇ "ಎಲ್ಲಾ ನಡೀತದೆ" ಎನ್ನುವ ಧ್ವನಿ ಸಣ್ಣದಾಗುತ್ತದೆ. ನೋಡಿ ಬೇಕಾದರೆ.

ಕೊನೆಯದಾಗಿ, ಇದನ್ನೆಲ್ಲ ಬರೆಯುವಾಗ ನನಗೇ ಚುಚ್ಚುವ ಒಂದು ವಿಷಯ. ಪ್ರತಿ ಮನೆಯವರೂ ತಮ್ಮ ತಮ್ಮ ಬ್ಯಾಟರಿ ಕೊಂಡು ಸುಮ್ಮನಾದರೆ, ಕೊಳ್ಳಲಾಗದ ಮನೆಯ ಪರವಾಗಿ ಕೇಳುವವರು ಯಾರು? ನಳ್ಳಿ ನೀರನ್ನೇ ನಂಬಿದ ಮನೆಗಳಿಗೆ ಬಾವಿಯೂ ಇಲ್ಲ, ಕರೆಂಟ್ ಹೋದರೆ ಪಂಚಾಯ್ತಿ ಪಂಪೂ ನಿಲ್ಲುತ್ತದೆ. ಮಳೆಗಾಲದ ಮುಂಚಿನ ಗ್ರಾಮಸಭೆಯಲ್ಲಿ ಎರಡು ಮಾತು ಕೇಳಬೇಕು. ಕುಡಿಯುವ ನೀರಿನ ಪಂಪಿಗೆ ಪಂಚಾಯ್ತಿ ಒಂದು ಜನರೇಟರ್ ಇಟ್ಟಿದೆಯೇ? ಲೈನ್ ಮೇಲೆ ಬಾಗಿದ ಕೊಂಬೆಗಳನ್ನು ಮೇ ತಿಂಗಳಲ್ಲೇ ಕಡಿಸುವವರು ಯಾರು?

ಕರೆಂಟ್ ಹೋದಾಗ ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡುವುದರ ಜೊತೆಗೆ 1912ಕ್ಕೂ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ, ಗೊತ್ತುಪಡಿಸಿದ ಸೇವೆ ಕೊಡದಿದ್ದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು ಎಂದಿದೆ. ದೂರೇ ದಾಖಲಾಗದಿದ್ದರೆ ಕಾಗದದ ಮೇಲೆ ನಮ್ಮೂರಲ್ಲಿ ಕರೆಂಟ್ ಹೋಗಿಯೇ ಇಲ್ಲ.

ನಮ್ಮ ಮನೆಯಲ್ಲಿ ಈಗ ದರೆಯ ಮೇಲೆ 2000 ಲೀಟರಿನ ಟ್ಯಾಂಕಿದೆ. ಇನ್ವರ್ಟರಿನಲ್ಲಿ ಫ್ರಿಜ್ಜು ಮತ್ತು ದೀಪ ಮಾತ್ರ. ಮೋಡ ಕಪ್ಪಾದರೆ ಅಮ್ಮ ಮೊದಲು ಮಾಡುವ ಕೆಲಸ ಪಂಪಿನ ಸ್ವಿಚ್ ಹಾಕುವುದು. ಆಮೇಲೆ ಅಂಗಳದಲ್ಲಿ ಒಣಹಾಕಿದ್ದನ್ನು ಒಳಗೆ ತರುತ್ತಾರೆ. ಬಾವಿಯ ರಾಟೆ, ಹಗ್ಗ, ಕೊಡಪಾನಗಳನ್ನು ಮಾತ್ರ ನಾವು ತೆಗೆದುಹಾಕಿಲ್ಲ. ನೀವೂ ತೆಗೆಯಬೇಡಿ.